ಕಿಟಕಿಗೆ ಗಾಜು ಹಾಕಿಸ್ತೀರಾ? ಮೊದಲು ಟೇಪು ಹಿಡಿಯೋದು ಕಲೀರಿ

ಹಾಸನದಲ್ಲಿ ಗಾಜು, ಅಲ್ಯೂಮಿನಿಯಂ ಕೆಲಸದ ಯಾವ ಅಂಗಡಿ ಮುಂದೆ ಬೇಕಾದರೂ ಸ್ವಲ್ಪ ಹೊತ್ತು ನಿಂತು ನೋಡಿ. ಆಲೂರಿನಿಂದಲೋ ಸಕಲೇಶಪುರದಿಂದಲೋ ಬಂದವರು ಜೇಬಿನಿಂದ ಒಂದು ಚೀಟಿ ತೆಗೆಯುತ್ತಾರೆ. ಅದರಲ್ಲಿ ‘4.6 × 3’ ಅಂತ ಬರೆದಿರುತ್ತದೆ. ನಾಲ್ಕೂವರೆ ಅಡಿಯಾ, ನಾಲ್ಕು ಪಾಯಿಂಟ್ ಆರು ಅಡಿಯಾ ಅಂತ ಕೇಳಿದರೆ ‘ಎರಡೂ ಒಂದೇ ಅಲ್ವಾ’ ಅನ್ನುತ್ತಾರೆ. ಖಂಡಿತ ಒಂದೇ ಅಲ್ಲ. 4.6 ಅಡಿ ಅಂದರೆ 4 ಅಡಿ 7 ಇಂಚಿನ ಮೇಲೆ ಸ್ವಲ್ಪ. ಹಾಗೆ ಕತ್ತರಿಸಿದರೆ ಗಾಜು ಒಂದಿಂಚಿಗಿಂತ ಜಾಸ್ತಿ ದೊಡ್ಡದಾಗುತ್ತದೆ. ಮಾಮೂಲಿ ಗಾಜಾದರೆ ಅಂಚು ತೆಗೆದು ಸರಿ ಮಾಡಬಹುದು. ಟಫನ್ಡ್ ಗಾಜಾದರೆ ಆ ದಾರಿಯೂ ಇಲ್ಲ. ಒಮ್ಮೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಮೇಲೆ ಅದಕ್ಕೆ ಕತ್ತರಿ ಹಾಕಿದರೆ ಇಡೀ ಗಾಜು ಚೂರುಚೂರಾಗುತ್ತದೆ.

ಗಾಜು, ಅಡುಗೆಮನೆಯ ಶೆಲ್ಫು, ಬಾಗಿಲು, ಪರದೆಯ ರಾಡು, ಯಾವುದೇ ಇರಲಿ, ಅಳತೆ ನೀವೇ ತೆಗೆದುಕೊಂಡು ಹೋಗುವುದಾದರೆ ಮುಂದಿನದನ್ನು ಓದಿ.

ಟೇಪು ಯಾವುದು

ಮನೆಗೆ 5 ಮೀಟರಿನ ಸ್ಟೀಲ್ ಟೇಪು ಸಾಕು. ಪಟ್ಟಿ 19 ಮಿ.ಮೀ. ಅಗಲ ಇರಲಿ. ಅದಕ್ಕಿಂತ ಸಣ್ಣದಾದರೆ ಚಾಚಿದ ತಕ್ಷಣ ಮಡಚಿ ಬೀಳುತ್ತದೆ, ಒಬ್ಬರೇ ಅಳೆಯಲು ಆಗುವುದಿಲ್ಲ. ಪಟ್ಟಿಯ ಶುರುವಿನಲ್ಲಿ ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು ಅಂತ ಇದೆಯಾ ನೋಡಿ. ಅದು ಯುರೋಪಿನ ನಿಯಮದಂತೆ ನಿಖರತೆಯ ದರ್ಜೆ. ಪೂರ್ತಿ 5 ಮೀಟರಿಗೆ ಮೊದಲ ದರ್ಜೆಯದು 0.6 ಮಿ.ಮೀ., ಎರಡನೇ ದರ್ಜೆಯದು 1.3 ಮಿ.ಮೀ. ಆಚೀಚೆ ಹೋಗಬಹುದು. ಮನೆ ಕೆಲಸಕ್ಕೆ ಎರಡನೆಯದೇ ಧಾರಾಳ. ಏನೂ ಬರೆದಿಲ್ಲದ, ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಟೇಪು ಮಾತ್ರ ಬೇಡ. ಅದರ ಅಂಕಿಗಳು ಬೆರಳಿನ ಉಜ್ಜಿಗೇ ಅಳಿಸಿ ಹೋಗುತ್ತವೆ. ಕೀ ಚೈನಿಗೆ ಸಿಕ್ಕಿಸುವ 1 ಮೀಟರಿನ ಟೇಪೂ ಸುಮ್ನೆ ದುಡ್ಡು ದಂಡ.

ಕೆಲವು ಟೇಪಿನಲ್ಲಿ 16 ಇಂಚಿಗೊಂದು ಕೆಂಪು ಗುರುತು ಇರುತ್ತದೆ. ಅದು ಅಮೆರಿಕದ ಮರದ ಗೋಡೆಗಳ ಕಂಬದ ಅಂತರ. ನಮಗೆ ಅದರಿಂದ ಏನೂ ಆಗಬೇಕಿಲ್ಲ.

ಒಂದೇ ಲೆಕ್ಕದಲ್ಲಿ ಅಳೆಯಿರಿ

ಮಿಲಿಮೀಟರಿನಲ್ಲೇ ಬರೆಯಿರಿ. ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲೇ ಕಾನೂನು ಬಂದಿದ್ದರೂ ನಮ್ಮ ಆಚಾರರು, ಗಾರೆಯವರು ಇವತ್ತಿಗೂ ಅಡಿ, ಇಂಚು, ನೂಲು ಅಂತಲೇ ಮಾತಾಡುತ್ತಾರೆ. ಅವರಿಗೆ ಅದು ಕರಗತ, ಎಂಟನೇ ಒಂದು ಇಂಚನ್ನು ನೂಲು ಅಂತ ಹಿಡಿದು ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ತೊಂದರೆ ಬರುವುದು ಎರಡನ್ನೂ ಬೆರೆಸಿದಾಗ. ಅಡಿಗೆ 30 ಸೆಂ.ಮೀ. ಅಂತ ಹಿಡಿದು 6 ಅಡಿಯನ್ನು 180 ಅಂತ ಬರೆದರೆ ಸುಮಾರು 3 ಸೆಂ.ಮೀ. ಮಾಯವಾಗಿರುತ್ತದೆ, ಯಾಕೆಂದರೆ ನಿಜವಾದ ಲೆಕ್ಕ 182.88. ಇಂಚಿಗೆ 25.4 ಮಿ.ಮೀ. ಅನ್ನುವುದೊಂದು ನೆನಪಿರಲಿ.

ಕೊಕ್ಕೆ ಅಲ್ಲಾಡುವುದು ದೋಷ ಅಲ್ಲ

ಹೊಸ ಟೇಪು ತಂದು, ತುದಿಯ ಕೊಕ್ಕೆ ಅಲ್ಲಾಡುತ್ತಿದೆ ಅಂತ ಅಂಗಡಿಗೆ ವಾಪಸ್ ಕೊಡುವವರಿದ್ದಾರೆ. ಸುತ್ತಿಗೆಯಲ್ಲಿ ರಿವೆಟ್ ಬಡಿದು ಬಿಗಿ ಮಾಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಕ್ಕೆಯನ್ನು ಹತ್ತಿರದಿಂದ ನೋಡಿ. ರಿವೆಟ್ ದುಂಡಗಿದ್ದರೂ ಕೊಕ್ಕೆಯ ತೂತು ಸ್ವಲ್ಪ ಉದ್ದಕ್ಕಿರುತ್ತದೆ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟು ಮಾತ್ರ ಅದು ಹಿಂದೆ ಮುಂದೆ ಸರಿಯುತ್ತದೆ, ಸುಮಾರು 1 ಮಿ.ಮೀ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅದು ಹೊರಗೆ ಬರುತ್ತದೆ, ಆಗ ಕೊಕ್ಕೆಯ ಒಳಮುಖದಿಂದ ಲೆಕ್ಕ. ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ, ಆಗ ಹೊರಮುಖದಿಂದ ಲೆಕ್ಕ. ಎರಡೂ ಕಡೆ ಅಳತೆ ಸರಿ ಬರಲಿ ಅಂತಲೇ ಹೀಗೆ ಮಾಡಿರುವುದು.

ಪರೀಕ್ಷೆ ಸುಲಭ. ಅಂಚಿನಿಂದಲೇ ಸೊನ್ನೆ ಶುರುವಾಗುವ ಸ್ಟೀಲ್ ಸ್ಕೇಲಿನ ತುದಿಗೆ ಕೊಕ್ಕೆ ಸಿಕ್ಕಿಸಿ, ಎರಡರ ಗೀಟುಗಳು ಕೂಡುತ್ತವೆಯಾ ನೋಡಿ. ಆಮೇಲೆ ಸ್ಕೇಲನ್ನೂ ಕೊಕ್ಕೆಯನ್ನೂ ಒಟ್ಟಿಗೆ ಗೋಡೆಗೆ ಒತ್ತಿ ಇನ್ನೊಮ್ಮೆ ನೋಡಿ. ಎರಡು ಸಲವೂ ಕೂಡಿದರೆ ಕೊಕ್ಕೆ ಚೆನ್ನಾಗಿದೆ. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಇದಕ್ಕೆ ಬೇಡ, ಅದರಲ್ಲಿ ಸೊನ್ನೆಗಿಂತ ಮುಂಚೆ ಖಾಲಿ ಜಾಗ ಇರುತ್ತದೆ.

ಕೊಕ್ಕೆ ಕೆಡುವುದಕ್ಕೆ ಮುಖ್ಯ ಕಾರಣ ಟೇಪನ್ನು ಸರ್ರನೆ ಒಳಗೆ ಬಿಡುವುದು. ಪ್ರತಿ ಸಲ ಡಬ್ಬಿಗೆ ಬಡಿದಾಗಲೂ ತೂತು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತದೆ. ಕೊನೆಯ ಗೇಣಿನಷ್ಟನ್ನಾದರೂ ಬೆರಳಲ್ಲಿ ತಡೆದು ಬಿಡಿ. ಕೊಕ್ಕೆ ಈಗಾಗಲೇ ಕೆಟ್ಟಿದ್ದರೆ 100 ಮಿ.ಮೀ. ಗೀಟಿನಿಂದ ಅಳೆದು ಆಮೇಲೆ 100 ಕಳೆಯಬಹುದು. ಕಳೆಯುವುದನ್ನು ಮರೆಯುವವರೇ ಜಾಸ್ತಿ, ಅದಕ್ಕೇ ಆ ದಾರಿ ನನಗೆ ಇಷ್ಟವಿಲ್ಲ. ಹೊಸ ಟೇಪು ತನ್ನಿ.

ಒಳ ಅಳತೆ: ಕೆಡುವುದೆಲ್ಲ ಇಲ್ಲೇ

ಚೌಕಟ್ಟಿನ ಎಡ ಮೂಲೆಗೆ ಕೊಕ್ಕೆ ಒತ್ತುತ್ತೀರಿ. ಬಲಗಡೆ ಟೇಪು ಗೋಡೆಗೆ ತಾಗಿ ಮೇಲಕ್ಕೆ ಬಾಗುತ್ತದೆ. ಆ ಬಾಗಿದ ಜಾಗದಲ್ಲಿ ‘ಸುಮಾರು 912 ಇರಬೇಕು’ ಅಂತ ಓದುತ್ತೀರಿ. ಆ ‘ಸುಮಾರು’ ಅನ್ನುವುದರಲ್ಲಿ ಮೂರು ನಾಲ್ಕು ಮಿ.ಮೀ. ಆರಾಮಾಗಿ ತಪ್ಪುತ್ತದೆ.

ಡಬ್ಬಿಯನ್ನೇ ಬಲ ಮೂಲೆಗೆ ಒತ್ತಿ, ಅದರ ಮೇಲೆ ಅಚ್ಚಾಗಿರುವ ಡಬ್ಬಿಯ ಉದ್ದವನ್ನು ಟೇಪಿನ ಅಳತೆಗೆ ಕೂಡಿಸಿ ಅನ್ನುತ್ತಾರೆ. ಡಬ್ಬಿಯ ಹಿಂಭಾಗ ಚಪ್ಪಟೆಯಾಗಿ, ಮೂಲೆಗೆ ಪೂರ್ತಿ ಕೂರುವಂತಿದ್ದರೆ ಸರಿ. ರಬ್ಬರ್ ಹೊದಿಸಿದ ದುಂಡನೆಯ ಡಬ್ಬಿಗಳಲ್ಲಿ ನಾನು ಇದನ್ನು ನಂಬುವುದಿಲ್ಲ.

ನೀವು ಹೀಗೆ ಮಾಡಿ. ಎಡ ಮೂಲೆಗೆ ಕೊಕ್ಕೆ ಒತ್ತಿ, ಸರಿಯಾಗಿ 500ಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲೆ ಬಲ ಮೂಲೆಗೆ ಕೊಕ್ಕೆ ಒತ್ತಿ, ಅದೇ ಗುರುತಿನವರೆಗೆ ಅಳೆಯಿರಿ. 409 ಬಂತು ಅಂದುಕೊಳ್ಳಿ. ಒಟ್ಟು 909. ಟೇಪು ಎಲ್ಲೂ ಬಾಗಲಿಲ್ಲ, ಊಹೆ ಮಾಡುವುದೂ ಬರಲಿಲ್ಲ. ಗುರುತು ಹಾಕುವಾಗ ದಪ್ಪ ಗೀಟು ಎಳೆಯಬೇಡಿ, ಸಣ್ಣ ಬಾಣದ ತುದಿಯಂತೆ ಎರಡು ಗೀಟು ಕೂಡುವ ಹಾಗೆ ಹಾಕಿ, ಆ ಚೂಪು ತುದಿಯೇ ನಿಮ್ಮ ಅಳತೆ. ಓದುವಾಗ ಕಣ್ಣು ಗೀಟಿನ ನೇರ ಮೇಲಿರಲಿ. ಪಟ್ಟಿಯ ನಡು ಭಾಗ ಡೊಂಕಾಗಿರುವುದರಿಂದ ಅಂಚು ಮೇಲಕ್ಕೆದ್ದಿರುತ್ತದೆ, ಅದನ್ನು ಸ್ವಲ್ಪ ವಾಲಿಸಿ ಮರಕ್ಕೆ ತಾಗಿಸಿಯೇ ಓದಬೇಕು. ಪಕ್ಕದಿಂದ ನೋಡಿದರೆ ಅಲ್ಲೇ ಒಂದು ಮಿ.ಮೀ. ಹೋಯಿತು.

ಇನ್ನೊಂದು ವಿಷಯ. ನಮ್ಮ ಕಡೆಯ ಹಳೇ ಮನೆಗಳಲ್ಲಿ, ಅದರಲ್ಲೂ ಮೂಡಿಗೆರೆ, ಸಕಲೇಶಪುರದ ಕಡೆ, ಯಾವ ಚೌಕಟ್ಟೂ ಸರಿಯಾದ ಚೌಕ ಇರುವುದಿಲ್ಲ. ಗೋಡೆ ಕೂತಿರುತ್ತದೆ, ಮರ ತಿರುಚಿರುತ್ತದೆ. ಅದಕ್ಕೇ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಿರಿ. ಎತ್ತರವನ್ನೂ ಹಾಗೇ. ಎಲ್ಲಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಿ. ಕೊನೆಗೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಆ ಎರಡು ಅಳತೆ ಒಂದೇ ಬರದಿದ್ದರೆ ಚೌಕಟ್ಟು ವಾಲಿದೆ ಅಂತ ಅರ್ಥ. ಆಗ ಅಂಗಡಿಯವರಿಗೆ ಅದನ್ನು ಹೇಳಲೇಬೇಕು, ಅಥವಾ ರಟ್ಟಿನಲ್ಲಿ ಮಾದರಿ ಕತ್ತರಿಸಿ ಒಯ್ಯಬೇಕು.

ಅಳೆಯಬೇಕಾದದ್ದು ಕಣ್ಣಿಗೆ ಕಾಣುವ ಬೆಳಕಿಂಡಿಯನ್ನಲ್ಲ, ಗಾಜು ಕೂರಲು ಮರದಲ್ಲಿ ಕೊರೆದಿರುವ ಕಚ್ಚನ್ನು. ಗಾಜು ಹಿಡಿದಿರುವ ಹಳೇ ಬೀಡಿಂಗ್ ಪಟ್ಟಿ, ಪುಟ್ಟಿ ಎಲ್ಲ ತೆಗೆದೇ ಟೇಪು ಇಡಿ. ಬಂದ ಅಳತೆಯಲ್ಲಿ ಅಗಲಕ್ಕೂ ಎತ್ತರಕ್ಕೂ ಒಂದೊಂದು ನೂಲು, ಅಂದರೆ ಸುಮಾರು 3 ಮಿ.ಮೀ., ಕಡಿಮೆ ಮಾಡಿ ಗಾಜು ಹೇಳಿ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಗಾಜಿಗೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಜಾಗ ಬೇಕಲ್ಲ. ಕಡಿಮೆ ಮಾಡಿದ್ದು ನೀವಾ ಅಂಗಡಿಯವರಾ ಅನ್ನುವುದು ಮೊದಲೇ ಮಾತಾಗಿರಲಿ. ಇಬ್ಬರೂ ಕಡಿಮೆ ಮಾಡಿದರೆ ಗಾಜು ಗಡಗಡ ಅನ್ನುತ್ತದೆ.

ಜೊತೆಗೆ ಏನಿರಬೇಕು

ಚೂಪಾದ ಪೆನ್ಸಿಲ್, ಒಂದಡಿಯ ಸ್ಟೀಲ್ ಸ್ಕೇಲು, ಒಂದು ಚಿಕ್ಕ ಮೂಲೆಮಟ್ಟ. ಇಷ್ಟು ಇದ್ದರೆ ಮುಕ್ಕಾಲು ಕೆಲಸ ಆಯಿತು. ಡಬ್ಬಿಯ ಮೇಲೆ ಪೇಂಟರುಗಳು ಬಳಸುವ ಕಾಗದದ ಟೇಪಿನ ತುಂಡು ಅಂಟಿಸಿಕೊಂಡರೆ ಅಳತೆ ಅಲ್ಲೇ ಬರೆಯಬಹುದು. ಏಣಿ ಮೇಲೆ ನಿಂತಾಗ ಅದರಷ್ಟು ಉಪಯೋಗ ಇನ್ಯಾವುದೂ ಇಲ್ಲ. ಉದ್ದ ಗೀಟು ಎಳೆಯಲು ಬಣ್ಣದ ದಾರ ಬೇಕು. ಆಯಸ್ಕಾಂತದ ಕೊಕ್ಕೆ ಕಬ್ಬಿಣದ ಕೆಲಸದವರಿಗೆ ಒಳ್ಳೆಯದು, ಮನೆಗೆ ಬೇಡ. ಕಬ್ಬಿಣದ ಪುಡಿ ಅಂಟಿಕೊಂಡರೆ ಕೊಕ್ಕೆ ಗೋಡೆಗೆ ಪೂರ್ತಿ ಕೂರುವುದಿಲ್ಲ.

ಲೇಸರ್ ಮೀಟರು ಕೋಣೆಯ ಉದ್ದಗಲಕ್ಕೆ ನಿಜವಾಗಲೂ ಚೆನ್ನ. ಆದರೆ ಅದು ತನ್ನ ಹಿಂದಿನ ಅಂಚಿನಿಂದ ಅಳೆಯುತ್ತಿದೆಯಾ ಮುಂದಿನದರಿಂದಲಾ ಅಂತ ಪ್ರತಿ ಸಲ ಪರದೆಯಲ್ಲಿ ನೋಡಿ. ಬಿಸಿಲಲ್ಲಿ ಕೆಂಪು ಚುಕ್ಕಿ ಕಾಣುವುದಿಲ್ಲ, ಗಾಜಿನ ಮೇಲೆ ಬಿಟ್ಟರೆ ಕಿರಣ ದಾಟಿ ಹೋಗುತ್ತದೆ.

ಮಳೆಯಲ್ಲಿ ಟೇಪು ಒದ್ದೆಯಾದರೆ ಪೂರ್ತಿ ಹೊರಗೆಳೆದು ಬಟ್ಟೆಯಲ್ಲಿ ಒರೆಸಿಯೇ ಒಳಗೆ ಬಿಡಿ, ಇಲ್ಲದಿದ್ದರೆ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ.

ತೋಟದ ಅಳತೆ

ಗಿಡ ನೆಡಲು 5 ಮೀಟರಿನ ಟೇಪು ಎತ್ತಿ ಎತ್ತಿ ಇಡುವುದನ್ನು ಚಿಕ್ಕಮಗಳೂರು ಕಡೆ ಎಲ್ಲೆಲ್ಲೂ ನೋಡುತ್ತೇವೆ. ರೋಬಸ್ಟಾ ಕಾಫಿಗೆ 10 ಅಡಿ, ಅಡಿಕೆಗೆ 9 ಅಡಿ ಅಂತ ಒಂದೊಂದೇ ಅಂತರ ಅಳೆಯುತ್ತಾ ಹೋದರೆ ಪ್ರತಿ ಗೂಟದಲ್ಲೂ ಆಗುವ ಅರ್ಧ ಇಂಚಿನ ತಪ್ಪು ಕೂಡುತ್ತಾ ಹೋಗಿ ಸಾಲಿನ ಕೊನೆಗೆ ಅಡಿಗಟ್ಟಲೆ ಆಗುತ್ತದೆ. 30 ಮೀಟರಿನ ಫೈಬರ್ ಟೇಪನ್ನು ಒಂದು ಗೂಟದಿಂದ ಎಳೆದು ಹಾಗೇ ಬಿಗಿಯಾಗಿ ಹಿಡಿಸಿ, 10, 20, 30 ಅಡಿ ಅಂತ ಅಲ್ಲಲ್ಲೇ ಗೂಟ ಹೊಡೆಯಿರಿ. ಪ್ರತಿ ಸಲ ಒಂದೇ ಬಿಗಿಯಲ್ಲಿ ಎಳೆಯಿರಿ, ಫೈಬರ್ ಟೇಪು ಜಗ್ಗುತ್ತದೆ. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಮಲಗಿಸಬೇಡಿ. ಮೇಲಿನ ತುದಿ ನೆಲದಲ್ಲಿರಲಿ, ಕೆಳಗಿನವರು ಟೇಪನ್ನು ಮಟ್ಟಕ್ಕೆ ಎತ್ತಿ ಹಿಡಿದು ಅಲ್ಲಿಂದ ತೂಕದ ಗುಂಡು ಇಳಿಬಿಡಲಿ. ಗುಂಡು ತಾಗಿದ ಕಡೆ ಗೂಟ. ಇಳಿಜಾರು ಜಾಸ್ತಿ ಇದ್ದರೆ ಒಂದೇ ಸಲ 30 ಮೀಟರ್ ಎಳೆಯುವ ಬದಲು ತುಂಡು ತುಂಡಾಗಿ ಇಳಿಯಿರಿ.