ಮನೆಯಲ್ಲಿ ಕೂತು ಬರೆದ ಪರೀಕ್ಷೆ ರದ್ದಾದರೆ ಅಪೀಲು ಹಾಕುವುದು ಹೇಗೆ?

41ನೇ ಪ್ರಶ್ನೆಯಲ್ಲಿದ್ದೆ. ಪರದೆಯ ಮೂಲೆಯಲ್ಲಿ ಚಾಟ್ ಬಾಕ್ಸ್ ತೆರೆದುಕೊಂಡಿತು. ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ, ಯಾರವರು ಅಂತ ಪ್ರಾಕ್ಟರ್ (ಕ್ಯಾಮೆರಾದಲ್ಲಿ ನಮ್ಮನ್ನು ನೋಡುತ್ತಾ ಕೂರುವ ಮೇಲ್ವಿಚಾರಕರು) ಕೇಳಿದರು. ಯಾರೂ ಇಲ್ಲ, ಹೊರಗಡೆ ಮೈಕು ಅಂತ ಟೈಪ್ ಮಾಡಿದೆ. ಎರಡು ನಿಮಿಷ ಆಗಿರಬೇಕು, ಪರೀಕ್ಷೆ ಮುಚ್ಚಿಕೊಂಡಿತು.

ಮೈಕು ನಮ್ಮ ಬೀದಿ ಗಣಪತಿಯದ್ದು. ತಿಪಟೂರಿನ ನಮ್ಮ ಮನೆಯಿಂದ ನಾಲ್ಕು ಮನೆ ದಾಟಿದರೆ ಪೆಂಡಾಲು. ಆ ಹೊತ್ತಿಗೆ ಚಂದಾ ಕೊಟ್ಟವರ ಪಟ್ಟಿ ಓದುತ್ತಿದ್ದರು. "ಐನೂರಾ ಒಂದು... ಸಾವಿರದ ಒಂದು... ಇನ್ನೂರಾ ಐವತ್ತೊಂದು..." ಕನ್ನಡ ಬಾರದ ಪ್ರಾಕ್ಟರ್ ಕಿವಿಗೆ ಅದು ಯಾರೋ ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಟ್ಟ ಹಾಗೆ ಕೇಳಿಸಿದ್ದರೆ ಅವರದ್ದು ತಪ್ಪು ಅನ್ನಲಾರೆ. ಆದರೆ ಹೋಗಿದ್ದು ನನ್ನ ದುಡ್ಡು ಅಲ್ವಾ? ತೆರಿಗೆ ಸೇರಿ 14,000 ರೂಪಾಯಿಯ ಹತ್ತಿರ ಕಟ್ಟಿದ್ದ ಕ್ಲೌಡ್ ಸರ್ಟಿಫಿಕೇಷನ್ ಪರೀಕ್ಷೆ ಅದು.

ಎರಡು ಸಲ ಅಪೀಲು ಹಾಕಿದೆ. ಮೊದಲನೆಯದು ಬಿದ್ದುಹೋಯಿತು, ಎರಡನೆಯದು ಗೆದ್ದಿತು. ನಡೆದ ಘಟನೆ ಒಂದೇ, ಬರೆದ ರೀತಿ ಬೇರೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಪರದೆ ಮುಚ್ಚಿದ ತಕ್ಷಣ

ಅಳು ಬಂದರೆ ಆಮೇಲೆ ಅಳಿ. ಮೊದಲು ಒಂದು ಹಾಳೆ ತಗೊಂಡು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ಎಷ್ಟು ಹೊತ್ತಿಗೆ ಚೆಕ್-ಇನ್ (ಪರೀಕ್ಷೆಗೆ ಮುಂಚಿನ ತಪಾಸಣೆ) ಆಯಿತು, ಯಾವ ಪ್ರಶ್ನೆಯ ನಂಬರಿನಲ್ಲಿದ್ದಿರಿ, ಪ್ರಾಕ್ಟರ್ ಏನು ಬರೆದರು, ನೀವು ಏನು ಉತ್ತರ ಕೊಟ್ಟಿರಿ, ಎಷ್ಟಕ್ಕೆ ನಿಂತಿತು. ಪರೀಕ್ಷೆಯ ಜೊತೆಗೇ ಚಾಟ್ ಕೂಡ ಮುಚ್ಚಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಸಂಜೆಗೆ ಬರೆದರಾಯಿತು ಅಂದುಕೊಂಡರೆ ಪ್ರಾಕ್ಟರ್ ಹೇಳಿದ್ದು ಯಾವುದು, ನೀವು ಊಹಿಸಿಕೊಂಡಿದ್ದು ಯಾವುದು ಅಂತ ನಿಮಗೇ ಗೊಂದಲ ಆಗುತ್ತದೆ.

ಕೋಣೆಯ ಫೋಟೋ ಕೂಡ ಆಗಲೇ ತೆಗೆಯಿರಿ. ಟೇಬಲ್ಲು, ನಾಲ್ಕು ಗೋಡೆ, ಬಾಗಿಲು. ಏನನ್ನೂ ಸರಿಸಬೇಡಿ. ಚೆಕ್-ಇನ್‌ನಲ್ಲಿ ನೀವು ಕಳಿಸಿದ ಫೋಟೋ ಅವರ ಹತ್ತಿರ ಇರುತ್ತದೆ. ಎರಡೂ ಹೊಂದಿಕೊಳ್ಳಬೇಕು.

ಅದಾದ ಮೇಲೆ ಗ್ರಾಹಕ ಸೇವೆಗೆ ಫೋನ್ ಅಥವಾ ಚಾಟ್. ನನ್ನ ಇಮೇಲ್‌ನಲ್ಲಿ ಬರೀ "ನಿಯಮ ಉಲ್ಲಂಘನೆ" ಅಂತ ಇತ್ತು. ಅದರಿಂದ ಏನು ಗೊತ್ತಾಗುತ್ತದೆ? ಎರಡೇ ವಿಷಯ ಕೇಳಿ: ಕೇಸ್ ನಂಬರ್ ಎಷ್ಟು, ದಾಖಲೆಯಲ್ಲಿ ಯಾವ ಕಾರಣ ಬರೆದಿದ್ದಾರೆ. ಎರಡನೆಯದನ್ನು ಓದಿ ಹೇಳಿ ಅಂತ ಮೆಲ್ಲಗೆ ಒತ್ತಾಯ ಮಾಡಿ. ನನಗೆ ಸಿಕ್ಕ ಉತ್ತರ: ಮೂರನೇ ವ್ಯಕ್ತಿಯ ಧ್ವನಿ. ಅಪೀಲಿನಲ್ಲಿ ನೀವು ಉತ್ತರ ಕೊಡಬೇಕಾಗಿರುವುದು ಆ ಒಂದು ಸಾಲಿಗೆ.

ನಿಮ್ಮದು ಯಾವ ಥರದ ರದ್ದು?

ಕರೆಂಟು ಹೋಗಿಯೋ ನೆಟ್ ಕೈಕೊಟ್ಟೋ ಪರೀಕ್ಷೆ ನಿಂತಿದ್ದರೆ ಅದು ತಾಂತ್ರಿಕ ಸಮಸ್ಯೆ. ಇದು ಸ್ವಲ್ಪ ಸಲೀಸು. ವಿದ್ಯುತ್ ಸಹಾಯವಾಣಿ 1912ಕ್ಕೆ ಆಗಲೇ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಇಂಟರ್ನೆಟ್ ಕಂಪನಿಯಿಂದಲೂ ಒಂದು ದೂರಿನ ಸಂಖ್ಯೆ ತಗೊಳ್ಳಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಲ್ಯಾಪ್‌ಟಾಪ್ ಯಾವ ಸೆಕೆಂಡಿಗೆ ಆಫ್ ಆಯಿತು ಅಂತ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ಸಾಕು.

ಪ್ರಾಕ್ಟರೇ ನಿಲ್ಲಿಸಿದ್ದರೆ ಅದು ನಡತೆಯ ಆರೋಪ. ನನ್ನದು ಇದು. ಬಾಯಲ್ಲಿ ಗೊಣಗುತ್ತಾ ಪ್ರಶ್ನೆ ಓದುವುದು, ಕ್ಯಾಮೆರಾದಿಂದ ಆಚೆ ಹೋಗುವುದು, ಯಾರೋ ಬಾಗಿಲು ತೆಗೆಯುವುದು, ಎಲ್ಲ ಇದರಲ್ಲೇ ಬರುತ್ತವೆ. ಪರೀಕ್ಷೆ ಮುಗಿದು ಎಷ್ಟೋ ದಿನ ಆದ ಮೇಲೆ ಫಲಿತಾಂಶ ರದ್ದು ಅಂತ ಬರುವುದು ಇನ್ನೊಂದು ಥರ. ಅದರಲ್ಲಿ ಸಾಮಾನ್ಯವಾಗಿ ಉತ್ತರಗಳ ವಿಶ್ಲೇಷಣೆಯ ಮೇಲೆ ತೀರ್ಮಾನ ಆಗಿರುತ್ತದೆ, ಹೋರಾಟ ಕಷ್ಟ. ನನಗೆ ಅದರ ಅನುಭವ ಇಲ್ಲ, ಹಾಗಾಗಿ ಬುದ್ಧಿ ಹೇಳಲ್ಲ.

ಇನ್ನೊಂದು ವಿಷಯ. ಪರೀಕ್ಷೆ ನಡೆಸುವ ಸಂಸ್ಥೆ ಬೇರೆ, ಸರ್ಟಿಫಿಕೇಟ್ ಕೊಡುವ ಕಂಪನಿ ಬೇರೆ ಇರುತ್ತದೆ. ರೆಕಾರ್ಡಿಂಗು, ಕೇಸ್ ನಂಬರು ಮೊದಲನೆಯವರ ಹತ್ತಿರ. ನಡತೆಯ ವಿಷಯದಲ್ಲಿ ಕೊನೆಯ ಮಾತು ಸಾಧಾರಣವಾಗಿ ಎರಡನೆಯವರದ್ದು. ಪರೀಕ್ಷೆಗೆ ಮುಂಚೆ ಓದದೇ ಒಪ್ಪಿಗೆ ಒತ್ತಿದ ಒಪ್ಪಂದ ಇದೆಯಲ್ಲ, ಅದರಲ್ಲಿ ಅಪೀಲು ಯಾರಿಗೆ, ಎಷ್ಟು ದಿನದೊಳಗೆ ಅಂತ ಇರುತ್ತದೆ. ನನ್ನದಕ್ಕೆ 30 ದಿನ ಇತ್ತು. ನಿಮ್ಮದಕ್ಕೆ ಕಡಿಮೆ ಇರಬಹುದು, ಇವತ್ತೇ ನೋಡಿ.

ನನ್ನ ಮೊದಲ ಅಪೀಲು

ಎರಡು ಪುಟ ಬರೆದಿದ್ದೆ. ಒಂಬತ್ತು ವರ್ಷದ ಅನುಭವ, ಒಂದು ದಿನವೂ ಕಾಪಿ ಹೊಡೆದವಳಲ್ಲ, ಮಗು ಮಲಗಿದ ಮೇಲೆ ರಾತ್ರಿ ಕೂತು ಓದಿದ್ದೇನೆ, ಪ್ರಾಕ್ಟರ್ ನನ್ನ ಮಾತನ್ನೇ ಕೇಳಲಿಲ್ಲ, ಇತ್ಯಾದಿ. ಎಲ್ಲ ನಿಜವೇ. ನಾಲ್ಕು ದಿನಕ್ಕೆ ಎರಡು ಸಾಲಿನ ಉತ್ತರ ಬಂತು, ನಿರ್ಧಾರದಲ್ಲಿ ಬದಲಾವಣೆ ಇಲ್ಲ.

ಸಿಟ್ಟು ಇಳಿದ ಮೇಲೆ ಮತ್ತೆ ಓದಿ ನೋಡಿದೆ. ಆ ಎರಡು ಪುಟದಲ್ಲಿ ಪರೀಕ್ಷೆ ಮಾಡಿ ನೋಡಬಹುದಾದ ಒಂದು ಮಾತೂ ಇರಲಿಲ್ಲ. ಅಲ್ಲಿ ಕೂತಿರುವವರ ಹತ್ತಿರ ಒಂದು ರೆಕಾರ್ಡಿಂಗು, ಪ್ರಾಕ್ಟರ್ ಬರೆದ ಒಂದು ಸಾಲು ಇರುತ್ತದೆ. ನಾನು ಒಳ್ಳೆಯವಳು ಅನ್ನುವುದನ್ನು ಅವರು ಯಾವುದರ ಜೊತೆ ತಾಳೆ ನೋಡಬೇಕು?

ಎರಡನೆಯದು

ಪುಣ್ಯಕ್ಕೆ ನಮ್ಮ ಬೀದಿಯಲ್ಲಿ 11 ದಿನ ಗಣಪತಿ ಕೂರಿಸುತ್ತಾರೆ. ಪೆಂಡಾಲಿಗೆ ಹೋದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು, ಹಾಗಾಗಿ ಇವರ ಹತ್ತಿರ ಕಾಗದ ಇದ್ದೇ ಇರಬೇಕು ಅನ್ನುವುದು ನನ್ನ ಲೆಕ್ಕ. ಅನುಮತಿ ಪತ್ರದ ಒಂದು ಫೋಟೋ ಬೇಕಿತ್ತಲ್ಲಪ್ಪ ಅಂದೆ. "ಅಕ್ಕ, ನಿಮ್ಮನೆ ಚಂದಾನೇ ಇನ್ನೂ ಬಂದಿಲ್ಲ" ಅಂದ ಮೈಕು ಹಿಡಿದಿದ್ದ ಹುಡುಗ. 501 ಕೊಟ್ಟೆ. ಗಲ್ಲಾ ಪೆಟ್ಟಿಗೆಯ ಅಡಿಯಿಂದ ಕಾಗದ ಬಂತು. ಎಣ್ಣೆ ಕಲೆ ಆಗಿತ್ತು, ಆದರೆ ಠಾಣೆಯ ಮೊಹರು, ದಿನಾಂಕ, ಸಮಯ ಎಲ್ಲ ಸ್ಪಷ್ಟ.

ಮನೆಯ ಗೇಟು ಮುಟ್ಟುವ ಮುಂಚೆಯೇ ನನ್ನ ಹೆಸರು ಮೈಕಿನಲ್ಲಿ ಬಂತು. ಆಗ ತಲೆಗೆ ಹೊಳೆಯಿತು. ಒಳಗೆ ಓಡಿದೆ, ಕೋಣೆ ಬಾಗಿಲು ಹಾಕಿದೆ, ಪರೀಕ್ಷೆ ಬರೆದ ಅದೇ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಅದೇ ಹುಡುಗ, ಅದೇ ರಾಗ, ಅದೇ ಐನೂರಾ ಒಂದು.

ಅಪೀಲು ಇಂಗ್ಲಿಷಿನಲ್ಲಿ ಕಳಿಸಿದ್ದು. ಕನ್ನಡದಲ್ಲಿ ಇಷ್ಟೇ:

"ಕೇಸ್ ನಂಬರ್ ಇಂಥದ್ದು. ಮೂರನೇ ವ್ಯಕ್ತಿಯ ಧ್ವನಿ ಎಂಬ ಕಾರಣಕ್ಕೆ ಪರೀಕ್ಷೆ ನಿಲ್ಲಿಸಲಾಗಿದೆ. ಭಾರತೀಯ ಸಮಯ ಬೆಳಗ್ಗೆ 11:20ರಿಂದ 11:26ರವರೆಗೆ (ಜಾಗತಿಕ ಸಮಯ ಯುಟಿಸಿ 5:50ರಿಂದ 5:56) ಕೇಳಿಸಿದ ಧ್ವನಿ ಬೀದಿಯ ಧ್ವನಿವರ್ಧಕದ್ದು. ಅದು ಕನ್ನಡದಲ್ಲಿ ದೇಣಿಗೆ ಕೊಟ್ಟವರ ಹೆಸರು, ಮೊತ್ತ ಓದುತ್ತಿತ್ತು. ಅದೇ ಕುರ್ಚಿಯಿಂದ ಮಾಡಿದ ರೆಕಾರ್ಡಿಂಗು, ಪೊಲೀಸ್ ಅನುಮತಿ ಪತ್ರ, ಅದರ ಇಂಗ್ಲಿಷ್ ಅನುವಾದ ಜೊತೆಗಿದೆ. ನಿಮ್ಮ ರೆಕಾರ್ಡಿಂಗಿನ ಆ ಆರು ನಿಮಿಷವನ್ನು ಕನ್ನಡ ಬಲ್ಲವರಿಂದ ಕೇಳಿಸಬೇಕೆಂದು ವಿನಂತಿ. ಅಪೀಲು ಮುಗಿಯುವವರೆಗೆ ರೆಕಾರ್ಡಿಂಗು ಅಳಿಸಬೇಡಿ. ಶುಲ್ಕಕ್ಕೆ ಬದಲಿಯಾಗಿ ಮತ್ತೆ ಪರೀಕ್ಷೆ ಬರೆಯಲು ವೋಚರ್ ಕೊಡಿ, ನನ್ನ ದಾಖಲೆಯಿಂದ ಉಲ್ಲಂಘನೆಯ ಟಿಪ್ಪಣಿ ತೆಗೆಯಿರಿ."

ಯುಟಿಸಿ ಸಮಯ ಯಾಕೆ ಅಂದರೆ ಅವರ ದಾಖಲೆ ನಮ್ಮ ಗಡಿಯಾರ ನೋಡುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಐದೂವರೆ ಗಂಟೆ ಕಳೆದು ಬರೆದರೆ ಹುಡುಕುವವರಿಗೆ ಸುಲಭ. ಹೊಸ ಕೇಸ್ ತೆರೆಯಲಿಲ್ಲ, ಹಳೆಯದಕ್ಕೇ ಉತ್ತರ ಹಾಕಿ ಮೇಲಿನವರಿಗೆ ಕಳಿಸಿ ಅಂದೆ.

ಕೆಲವು ತಪ್ಪು ಮಾತ್ರ ಮಾಡಲೇಬೇಡಿ. ಪ್ರಶ್ನೆಯಲ್ಲಿ ಏನಿತ್ತು ಅಂತ ಅಪೀಲಿನಲ್ಲಿ ಬರೆಯಬೇಡಿ, ನಂಬರ್ ಸಾಕು. ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಸಹಿ ಮಾಡಿರುತ್ತೀರಿ, ನಿರಪರಾಧಿ ಅಂತ ತೋರಿಸಲು ಹೋಗಿ ನಿಜವಾದ ಉಲ್ಲಂಘನೆ ಮಾಡಿದ ಹಾಗಾಗುತ್ತದೆ. ಪರೀಕ್ಷೆಯ ಹೊತ್ತಿನ ಪರದೆಯ ಫೋಟೋ ಇದ್ದರಂತೂ ಕಥೆ ಮುಗಿಯಿತು. ಬ್ಯಾಂಕಿಗೆ ಹೇಳಿ ಕಾರ್ಡ್ ದುಡ್ಡು ವಾಪಸ್ ಎಳೆಸುತ್ತೇನೆ ಅಂತ ನಮ್ಮ ಯಜಮಾನರು ಹೊರಟಿದ್ದರು, ತಡೆದೆ. ಅಪೀಲು ನಡೆಯುತ್ತಿರುವಾಗ ಹಾಗೆ ಮಾಡಿದರೆ ಖಾತೆಯನ್ನೇ ಮುಚ್ಚಿಬಿಟ್ಟರೆ?

ಎಲ್ಲ ಬಾಗಿಲೂ ಮುಚ್ಚಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. 5 ಲಕ್ಷದವರೆಗೆ ಶುಲ್ಕ ಇಲ್ಲ. ವಿದೇಶಿ ಕಂಪನಿ ಆದರೆ ಎಳೆದಾಟ ಜಾಸ್ತಿ. ನನಗೆ ಅಲ್ಲಿವರೆಗೆ ಹೋಗುವ ಸಂದರ್ಭ ಬರಲಿಲ್ಲ.

ಹನ್ನೆರಡನೇ ದಿನ ವೋಚರ್ ಬಂತು. ಮಾಡಿದ 40 ಪ್ರಶ್ನೆ ಹೋಯಿತು, ಮೊದಲಿಂದ ಬರೆಯಬೇಕು. ವೋಚರ್ ಬಂದ ಖುಷಿಯಲ್ಲಿ ಸುಮ್ನೆ ಆಗಬೇಡಿ. ನನ್ನ ಇಮೇಲ್‌ನಲ್ಲಿ ಟಿಪ್ಪಣಿ ತೆಗೆದಿದ್ದೇವೆ ಅನ್ನುವ ಮಾತೇ ಇರಲಿಲ್ಲ. ಅವರು ವೋಚರ್ ಕೊಟ್ಟು ಹೆಸರಿನ ಮುಂದೆ ಉಲ್ಲಂಘನೆ ಹಾಗೇ ಬಿಟ್ಟರೆ ಮುಂದಿನ ಸಲ ಸಣ್ಣ ಸದ್ದಿಗೂ ಅದು ಎರಡನೇ ತಪ್ಪಾಗುತ್ತದೆ. ಮತ್ತೆ ಬರೆದು ಕೇಳಿದೆ. ಆರು ದಿನ ಬಿಟ್ಟು ಒಂದು ಸಾಲು ಬಂತು, ದಾಖಲೆ ಸರಿಪಡಿಸಿದ್ದೇವೆ ಅಂತ. ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಂಡು, ವೋಚರಿನ ಕೊನೇ ದಿನಾಂಕ ನೋಡಿ, ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ಸೀಟು ಹಿಡಿದೆ. ಬೆಳಗಿನ ರೈಲಿಗೆ ಹೋದೆ. ಅಲ್ಲಿ ಕಿವಿಗೆ ಹಾಕಿಕೊಳ್ಳಲು ಒಂದು ದಪ್ಪ ಹೆಡ್‌ಸೆಟ್ ಕೊಡುತ್ತಾರೆ.