ಒಂದೇ ಮಡು, ಹದಿನಾಲ್ಕು ವಾರಾಂತ್ಯ: ಪ್ಲಾಟಿಪಸ್ ಕಂಡ ನನ್ನ ಅನುಭವ

"ಟಿಕೆಟ್ ತಗೊಂಡು ಗಾಜಿನ ತೊಟ್ಟಿಯಲ್ಲಿ ನೋಡ್ಕೊಂಡ್ ಬನ್ನಿ, ಹೊಳೆಯಲ್ಲಿ ಅದು ನಮ್ಮಂಥವರ ಕಣ್ಣಿಗೆ ಬೀಳಲ್ಲ." ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್ಬೆರಾಗೆ ಬಂದ ಹೊಸತರಲ್ಲಿ, ಬಾತುಕೋಳಿ ಕೊಕ್ಕಿನ ಪ್ಲಾಟಿಪಸ್ ಅನ್ನುವ ಪ್ರಾಣಿಯನ್ನು ಎಲ್ಲಿ ನೋಡಬಹುದು ಅಂತ ಕೇಳಿದಾಗ ಎಲ್ಲರೂ ಹೇಳಿದ್ದು ಇದನ್ನೇ. ಹತ್ತು ವರ್ಷ ಇಲ್ಲೇ ಇದ್ದು ಒಂದನ್ನೂ ಕಾಣದವರು ಹೇಳಿದ ಮಾತು, ಅದಕ್ಕೇ ನಂಬಿದ್ದೆ. ಹದಿನಾಲ್ಕು ವಾರಾಂತ್ಯ ಹೋಗಿದ್ದರಲ್ಲಿ ಮೊದಲ ಐದು ಸೊನ್ನೆ. ಉಳಿದ ಒಂಬತ್ತರಲ್ಲಿ ಏಳು ಸಲ ಸಿಕ್ಕಿದೆ. ಗೈಡ್ ಇಲ್ಲ, ಟೂರ್ ಇಲ್ಲ.

ಮೊದಲ ಐದು ಯಾಕೆ ಹಾಳಾದವು ಅನ್ನುವುದೇ ಇಲ್ಲಿ ಮುಖ್ಯ. ಶನಿವಾರ ಒಂದು ಹೊಳೆ, ಭಾನುವಾರ ಇನ್ನೊಂದು, ದಡದುದ್ದಕ್ಕೂ ನಡೆದು ಹುಡುಕುತ್ತಿದ್ದೆ. ಹಕ್ಕಿ ನೋಡುವವರ ಅಭ್ಯಾಸ ಅದು. ಇಲ್ಲಿ ಪೂರ್ತಿ ತಪ್ಪು. ನಾವು ನಡೆದಷ್ಟೂ ದಡ ಅದುರುತ್ತದೆ, ಕಲ್ಲು ಜಾರಿ ನೀರಿಗೆ ಬೀಳುತ್ತದೆ, ಪ್ರಾಣಿ ಬಿಲ ಸೇರುತ್ತದೆ. ಒಂದು ಸಲ ಬೊಂಬಾಲಾವರೆಗೂ ಹೋಗಿ ಬಂದೆ, ಹೋಗಿಬರಲು ನಾನೂರು ಕಿಲೋಮೀಟರಿನ ಹತ್ತಿರ. ಬಾಡಿಗೆ ಕಾರು, ಪೆಟ್ರೋಲು, ರಾತ್ರಿ ಮೋಟೆಲು ಸೇರಿ ಮುನ್ನೂರು ಡಾಲರ್ ಮೇಲಾಯಿತು. ಕಂಡದ್ದು ಗಾಳಿಗೆ ಕುಣಿಯುವ ನೀರು ಮಾತ್ರ. ಆ ಊರಿನ ತಪ್ಪಲ್ಲ, ಅಲ್ಲಿ ಪ್ಲಾಟಿಪಸ್ ಧಾರಾಳವಾಗಿವೆ. ಗಾಳಿ ಬೀಸುವ ದಿನ ಹೋದದ್ದು ನನ್ನ ತಪ್ಪು. ನೀರ ಮೇಲೆ ಅಲೆ ಎದ್ದರೆ ಎಲ್ಲಿ ಕೂತರೂ ಒಂದೇ. ಈಗ ಗಾಳಿ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ ಮನೆಯಲ್ಲೇ ದೋಸೆ ತಿನ್ನುತ್ತೇನೆ.

ಆರನೇ ವಾರದಿಂದ ಒಂದೇ ಮಡು ಹಿಡಿದೆ, ಮನೆಯಿಂದ ಗಂಟೆಯೊಳಗಿನ ದಾರಿ. ಟಿಡ್ಬಿನ್‌ಬಿಲ್ಲಾದ ವನ್ಯಜೀವಿ ಮೀಸಲಿನ ಕೊಳಗಳು ಇನ್ನೂ ಹತ್ತಿರ, ಒಳ್ಳೆಯವೂ ಹೌದು. ಆದರೆ ಅಲ್ಲಿ ಸಂಜೆ ಗೇಟು ಹಾಕುತ್ತಾರೆ, ನನಗೆ ಬೇಕಾದದ್ದು ಗೇಟು ಹಾಕಿದ ಮೇಲಿನ ಅರ್ಧ ಗಂಟೆ, ಪ್ಲಾಟಿಪಸ್ ಹೊರಬರುವ ಮುಸ್ಸಂಜೆ. ಮಡು ಆರಿಸುವಾಗ ನಾನು ನೋಡುವುದು ಇಷ್ಟು: ಮೇಲ್ಗಡೆ ಕಲ್ಲುಗಳ ಮೇಲೆ ತೆಳ್ಳಗೆ ಜುಳುಜುಳು ಹರಿಯುವ ಜಾಗ ಇರಬೇಕು, ಅದು ತಿನ್ನುವ ಹುಳುಮರಿಗಳು ಹುಟ್ಟುವುದು ಅಲ್ಲಿ. ಅದರ ಕೆಳಗೆ ಮೂವತ್ತು ನಲವತ್ತು ಮೀಟರ್ ಉದ್ದದ ನಿಧಾನ ನೀರು, ಆಳ ಆಳೆತ್ತರದ ಆಸುಪಾಸು. ದಡ ಮಣ್ಣಿನದ್ದಾಗಿ, ಮರದ ಬೇರು ಇಳಿಬಿದ್ದಿರಬೇಕು. ಬರಿ ಬಂಡೆಯ ದಡದಲ್ಲಿ ಬಿಲ ತೋಡಲು ಎಲ್ಲಿ ಸಾಧ್ಯ? ಪಕ್ಕದಲ್ಲಿ ಹಳೆ ಮರದ ಸೇತುವೆ ಇದ್ದರಂತೂ ಲಾಟರಿ ಹೊಡೆದ ಹಾಗೆ.

ಕೂರುವ ದಿಕ್ಕು ಬಹಳ ಜನಕ್ಕೆ ಹೊಳೆಯುವುದಿಲ್ಲ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿ, ಬೆಳಗ್ಗೆ ಪೂರ್ವಕ್ಕೆ. ಬೆಳಕಿರುವ ಆಕಾಶ ನೀರಲ್ಲಿ ಪ್ರತಿಫಲಿಸುವ ಭಾಗವನ್ನೇ ನೋಡುತ್ತಿರಬೇಕು. ಬೆಳ್ಳಗಿನ ಆ ಹಾಳೆಯ ಮೇಲೆ ಉಂಗುರ ಎದ್ದರೆ ಕಪ್ಪು ಗೆರೆ ಎಳೆದಂತೆ ಕಾಣುತ್ತದೆ. ಇದು ಗೊತ್ತಿಲ್ಲದೆ ಅರವತ್ತು ಡಾಲರ್ ಕೊಟ್ಟು ಪೋಲರೈಸ್ಡ್ ಕನ್ನಡಕ ತಂದಿದ್ದೆ. ಅದು ಪ್ರತಿಫಲನವನ್ನೇ ನುಂಗಿಬಿಡುತ್ತದೆ, ಉಂಗುರವೂ ಮಾಯ. ಸೇತುವೆ ಮೇಲಿಂದ ತಳ ನೋಡಲು ಪರವಾಗಿಲ್ಲ, ದಡದಲ್ಲಿ ಕೂತವರಿಗೆ ಶುದ್ಧ ನಷ್ಟ.

ಉಂಗುರಗಳಲ್ಲಿ ವ್ಯತ್ಯಾಸ ಇದೆ. ಮೀನು ಹಾರಿದರೆ ಪಟ್ಟನೆ ಒಂದು ಉಂಗುರ, ಮುಗಿಯಿತು. ಗುಳುಮುಳುಕ ಹಕ್ಕಿ ಬೆಂಡಿನ ಹಾಗೆ ಚಂಗನೆ ಮೇಲೇಳುತ್ತದೆ, ಕತ್ತು ಎತ್ತರ. ಆಮೆಯಾದರೆ ಬೆರಳಿನಂಥ ತಲೆಯೊಂದೇ. ನನ್ನನ್ನು ಎರಡು ವಾರ ಏಮಾರಿಸಿದ್ದು ರಕಾಲಿ ಅನ್ನುವ ನೀರಿಲಿ. ಅದು ಮೇಲೆಯೇ ನೇರವಾಗಿ ಈಜುತ್ತಾ ಹಿಂದೆ ಉದ್ದದ ಗೆರೆ ಬಿಡುತ್ತದೆ. ಬಾಲದ ತುದಿ ಬಿಳಿ, ಸಿಕ್ಕಿದ್ದನ್ನು ದಿಮ್ಮಿ ಮೇಲೆ ಕೂತು ತಿನ್ನುತ್ತದೆ. ಪ್ಲಾಟಿಪಸ್ ಹಾಗಲ್ಲ. ಹಲ್ಲಿಲ್ಲದ ಪ್ರಾಣಿ, ತಳದಲ್ಲಿ ಹೆಕ್ಕಿದ್ದನ್ನು ಕೆನ್ನೆ ಚೀಲಕ್ಕೆ ತುಂಬಿಕೊಂಡು ಮೇಲೆ ಬಂದು ತೇಲುತ್ತಲೇ ಅರೆಯುತ್ತದೆ. ಚಪ್ಪಟೆಯಾಗಿ, ನೆನೆದ ಮರದ ತೊಗಟೆಯೊಂದು ತೇಲಿದ ಹಾಗೆ, ಹತ್ತು ಸೆಕೆಂಡಿನ ಆಚೀಚೆ. ಆಮೇಲೆ ಬೆನ್ನು ಬಿಲ್ಲಾಗಿಸಿ ಮುಳುಗುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಕೆಲವು ಮೀಟರ್ ಆಚೆ ಮತ್ತೆ ಉಂಗುರ. ಈ ತಾಳ ಮೂರು ಸಲ ಕೂಡಿಬಂದರೆ ಅದೇ, ಬೇರೆ ಇಲ್ಲ. ನಡುವೆ ಸಣ್ಣ ಗುಳ್ಳೆಗಳ ಸಾಲು ಕಂಡರೆ ಮುಂದೆ ಎಲ್ಲಿ ಏಳುತ್ತದೆ ಅಂತಲೂ ಹೇಳಬಹುದು.

ಹತ್ತಿರ ಹೋಗುವುದು ಮಕ್ಕಳ 'ಸ್ಟ್ಯಾಚು' ಆಟ. ಮುಳುಗಿದಾಗ ಕಣ್ಣು, ಕಿವಿ, ಮೂಗು ಎಲ್ಲ ಮುಚ್ಚಿರುತ್ತವೆ, ಕೊಕ್ಕಿನಿಂದಲೇ ಬೇಟೆಯ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸುತ್ತಿರುತ್ತದೆ. ಆಗ ಹೆಜ್ಜೆ ಹಾಕಿ, ಮನಸ್ಸಲ್ಲಿ ಇಪ್ಪತ್ತು ಎಣಿಸಿ ನಿಂತುಬಿಡಿ. ಇಪ್ಪತ್ತೈದಕ್ಕೆ ಆಸೆಪಟ್ಟು ಮೂರು ಸಲ ಕಳೆದುಕೊಂಡಿದ್ದೇನೆ. ದಡದಂಚಿಗೆ ಕಾಲಿಡಬೇಡಿ, ಒಂದು ಮೀಟರ್ ಒಳಗಿನ ಹುಲ್ಲೇ ಸಾಕು. ಎದ್ದು ನಿಂತರೆ ಆಕಾಶದ ಎದುರು ನಮ್ಮ ಆಕಾರ ಎದ್ದು ಕಾಣುತ್ತದೆ, ಹಿಂದೆ ಪೊದೆ ಇರುವ ಹಾಗೆ ನೋಡಿಕೊಳ್ಳಿ. ನನ್ನ ದಾಖಲೆ ಸುಮಾರು ನಾಲ್ಕು ಮೀಟರ್. ಇದರಲ್ಲಿ ಇನ್ನೊಂದು ಚಿಕ್ಕ ಉಪಾಯ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಸಲಕರಣೆಗೆ ದುಡ್ಡು ಸುರಿಯಬೇಡಿ. ಮೊದಲು ಕೊಂಡ ಹತ್ತು-ಐವತ್ತರ (ಹತ್ತು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರ್ ಗಾಜಿನ) ದುರ್ಬೀನು ಭಾರ, ಕೈ ನಡುಗಿ ಏನೂ ನಿಲ್ಲುತ್ತಿರಲಿಲ್ಲ. ಅರ್ಧ ಬೆಲೆಗೆ ಮಾರಿ, ಇನ್ನೂರು ಡಾಲರಿನ ಎಂಟು-ನಲವತ್ತೆರಡು ತಂದೆ. ಮಡಚುವ ಸ್ಟೂಲು ಹದಿನೈದು ಡಾಲರ್, ಇಡೀ ಸಾಮಾನಿನಲ್ಲಿ ಹೆಚ್ಚು ದುಡಿದದ್ದು ಅದೇ. ಬೇಸಿಗೆಯಲ್ಲಿ ಮೊಣಕಾಲುದ್ದದ ಗಮ್‌ಬೂಟು ಬೇಕೇ ಬೇಕು, ಹೊಳೆ ಹುಲ್ಲಲ್ಲಿ ಹಾವಿರುತ್ತವೆ. ಜಿಗಣೆ ವಿಷಯ ಮಲೆನಾಡಿನ ಇಂಬಳ ಕಂಡವರಿಗೆ ಹೇಳಬೇಕಿಲ್ಲ. ಚಳಿಗಾಲದ ಬೆಳಗ್ಗೆ ಇಲ್ಲಿ ಸೊನ್ನೆಗಿಂತ ಐದು ಡಿಗ್ರಿ ಕೆಳಗೂ ಹೋಗುತ್ತದೆ. ಗರಗರ ಸದ್ದು ಮಾಡುವ ಜಾಕೆಟ್ ಬಿಟ್ಟು ಉಣ್ಣೆ ಹಾಕಿ.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ನೀರೊಳಗೆ ಸಣ್ಣ ಕ್ಯಾಮೆರಾ ಇಳಿಬಿಟ್ಟೆ, ಎರಡು ಗಂಟೆ ಕೆಸರಿನ ಸಿನಿಮಾ ಬಂತು. ಥರ್ಮಲ್ ಕ್ಯಾಮೆರಾ ನೂರು ಡಾಲರಿಗೆ ಬಾಡಿಗೆ ತಂದೆ. ಮುಳುಗಿದ ಪ್ರಾಣಿಯ ಶಾಖ ನೀರನ್ನು ದಾಟಿ ಬರುವುದಿಲ್ಲ, ಹೊಳೆಯಲ್ಲಿ ದಂಡ. ಆದರೆ ಅದೇ ರಾತ್ರಿ ಮರಗಳ ಕಡೆ ತಿರುಗಿಸಿದಾಗ ಅರ್ಧ ಗಂಟೆಯಲ್ಲಿ ಆರು ಪೊಸಮ್ (ಮರದ ಮೇಲಿರುವ, ಹೊಟ್ಟೆಚೀಲದ ಸಣ್ಣ ಪ್ರಾಣಿ) ಸಿಕ್ಕವು. ಅದರ ಕಥೆ ಬೇರೆ.

ಬರುವಾಗಿನ ಡ್ರೈವಿಂಗ್ ಬಗ್ಗೆ ಉಡಾಫೆ ಬೇಡ. ಪ್ಲಾಟಿಪಸ್ಸಿನ ಹೊತ್ತೇ ಕಾಂಗರೂಗಳು ರಸ್ತೆಗೆ ಬರುವ ಹೊತ್ತು. ನೂರರ ರಸ್ತೆಯಲ್ಲೂ ನಾನು ಎಪ್ಪತ್ತೈದು ದಾಟುವುದಿಲ್ಲ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಒತ್ತಬೇಕು, ಸ್ಟಿಯರಿಂಗ್ ತಿರುಗಿಸಿದವರೇ ಮರಕ್ಕೆ ಗುದ್ದುವುದು. ಒಂದು ಹಾರಿದರೆ ಹಿಂದೆ ಇನ್ನೊಂದು ಇರುತ್ತದೆ ಅಂತಲೇ ತಿಳಿಯಿರಿ. ಬಾಡಿಗೆ ಕಾರಿನ ಕರಾರಿನಲ್ಲಿ ರಾತ್ರಿ ಪ್ರಾಣಿಗೆ ಡಿಕ್ಕಿಯಾದರೆ ವಿಮೆ ಇದೆಯೋ ಇಲ್ಲವೋ ಓದಿಕೊಳ್ಳಿ. ನಾನು ಓದಿದ್ದು ನಾಲ್ಕನೇ ಸಲ, ಎಕ್ಸೆಸ್, ಅಂದರೆ ನಷ್ಟದಲ್ಲಿ ನಾವೇ ಕಟ್ಟಬೇಕಾದ ಪಾಲು, ನಾಲ್ಕು ಸಾವಿರ ಡಾಲರ್ ಅಂತ ಆಗ ಗೊತ್ತಾಯಿತು.

ಎಷ್ಟು ಹತ್ತಿರ ಬಂದರೂ ಮುಟ್ಟುವ ಮಾತಿಲ್ಲ. ಗಂಡಿನ ಹಿಂಗಾಲಿನಲ್ಲಿ ವಿಷದ ಮುಳ್ಳಿದೆ, ಆ ನೋವಿಗೆ ಮಾರ್ಫಿನ್ ಕೂಡ ಸರಿಯಾಗಿ ನಾಟುವುದಿಲ್ಲ. ದಡದಲ್ಲಿ ಯಾಬಿ (ಸೀಗಡಿಯಂಥ ಸಿಹಿನೀರಿನ ಜೀವಿ) ಹಿಡಿಯುವ, ಸುತ್ತ ಮುಚ್ಚಿದ 'ಆಪೆರಾ ಹೌಸ್' ಬಲೆ ಕಂಡರೆ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಒಳಹೊಕ್ಕ ಪ್ಲಾಟಿಪಸ್ ಹೊರಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ವಿಕ್ಟೋರಿಯಾದಲ್ಲಿ 2019ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ 2021ರಲ್ಲಿ ಅದನ್ನು ನಿಷೇಧಿಸಿದ್ದಾರೆ. ಹಳೆಯ ಎರಡನ್ನು ನಾನೇ ಕಂಡಿದ್ದೇನೆ.

ಫೋಟೋ ತೋರಿಸಿದಾಗಲೂ "ಇದು ಕಟ್ಟಿಗೆ ತುಂಡು" ಅಂದವರಿದ್ದಾರೆ. 1799ರಲ್ಲಿ ಲಂಡನ್ನಿನಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಪ್ಲಾಟಿಪಸ್ಸಿನ ಒಣಗಿದ ಚರ್ಮ ಕೈಯಲ್ಲಿ ಹಿಡಿದೇ ಯಾರೋ ಕೊಕ್ಕು ಹೊಲಿದಿರಬಹುದೇ ಅಂತ ಅನುಮಾನಪಟ್ಟಿದ್ದ, ನನ್ನ ಮಸುಕು ಫೋಟೋ ಯಾವ ಲೆಕ್ಕ.

ಮಡು ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಮರಿಗಳು ಬಿಲದಿಂದ ಹೊರಬರುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಿಮ್ಮದೊಂದನ್ನು ಹುಡುಕಿಕೊಳ್ಳಿ, ಅವಕ್ಕೆ ಹೆದರಿಕೆ ಕಡಿಮೆ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋದರೆ ಸಂಜೆ ಆರಕ್ಕೆಲ್ಲ ಕತ್ತಲು, ಆಮೇಲೆ ವಾರದ ದಿನ ಆಫೀಸು ಮುಗಿಸಿ ಹೋಗುವ ಅವಕಾಶ ಅಕ್ಟೋಬರ್‌ವರೆಗೆ ಇಲ್ಲ.