ಫಾರ್ಮಸಿ ಮಕ್ಕಳಿಗೆ ಚೀಟಿ ಓದಿಸುವುದು ಬಿಟ್ಟು ಚೀಲ ಸುರಿಸಿದೆ

ಗೋಣಿಕೊಪ್ಪದಲ್ಲಿ ನನ್ನ ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಓದಿದ ಮಕ್ಕಳು 500 ಗಂಟೆಯ ಟ್ರೈನಿಂಗಿಗೆ ನನ್ನ ಹತ್ತಿರ ಬರುತ್ತಾರೆ. ಬಹಳ ಕಡೆ ಈ ಮೂರು ತಿಂಗಳು ಹೇಗೆ ಕಳೆಯುತ್ತದೆ ಅಂತ ನಿಮಗೂ ಗೊತ್ತು. ರ‍್ಯಾಕ್ ಜೋಡಿಸು, ಎಕ್ಸ್‌ಪೈರಿ ತೆಗೆ, ಬಿಲ್ ಹೊಡಿ, ಕೊನೆಗೆ ಸಹಿ ಹಾಕಿಸಿಕೊಂಡು ಹೋಗು. ನನ್ನಲ್ಲಿ ಈಗ ಮಕ್ಕಳು ರೋಗಿಯ ಪೂರ್ತಿ ಔಷಧಿ ನೋಡುತ್ತಾರೆ. ಎಲ್ಲಿ ತೊಡಕಿದೆ ಅಂತ ಹುಡುಕುತ್ತಾರೆ, ಡಾಕ್ಟರಿಗೆ ಬರೆದು ತಿಳಿಸುತ್ತಾರೆ, ಮುಂದಿನ ತಿಂಗಳು ಅದೇ ರೋಗಿಯನ್ನು ಕರೆಸಿ ಏನಾಯಿತು ಅಂತ ಕೇಳುತ್ತಾರೆ. ಇದಕ್ಕೆ ಎಂಟಿಎಂ (ಮೆಡಿಕೇಶನ್ ಥೆರಪಿ ಮ್ಯಾನೇಜ್‌ಮೆಂಟ್) ಅಂತಾರೆ. ಅದೆಲ್ಲ ದೊಡ್ಡ ಊರಿನ ಆಸ್ಪತ್ರೆಗೆ, ಕೊಡಗಿನ ಅಂಗಡಿಗೆ ಆಗುವ ಮಾತಲ್ಲ ಅಂದವರು ಬಹಳ ಜನ. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳುತ್ತೇನೆ. ಅಮೆರಿಕದಲ್ಲಿ 2003ರ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ವಿಮೆ) ಕಾನೂನಿನ ಮೇಲೆ ಎಂಟಿಎಂ ಶುರುವಾಯಿತು, 2006ರಿಂದ ಜಾರಿಗೆ ಬಂತು, ಅಲ್ಲಿ ಈ ಕೆಲಸಕ್ಕೆ ವಿಮೆಯಿಂದ ದುಡ್ಡೂ ಬರುತ್ತದೆ. ಅಲ್ಲಿನ ಮಾದರಿಯಲ್ಲೇ ನಾಲ್ಕು ಪುಟದ ಫಾರಂ ಮಾಡಿಸಿ ಪ್ರಿಂಟ್ ಹಾಕಿಸಿದೆ. ಒಬ್ಬರದು ತುಂಬಿಸಲು ಮುಕ್ಕಾಲು ಗಂಟೆ. ಪೊನ್ನಂಪೇಟೆ ಬಸ್ಸು ಹೊರಟಿತು ಅಂತ ರೋಗಿ ಅರ್ಧದಲ್ಲೇ ಎದ್ದು ಹೋಗುತ್ತಿದ್ದರು. ಆಮೇಲೆ ಮಕ್ಕಳಲ್ಲೇ ಒಬ್ಬರು ರೋಗಿ, ಇನ್ನೊಬ್ಬರು ಫಾರ್ಮಸಿಸ್ಟ್ ಅಂತ ಅಭಿನಯ ಮಾಡಿಸಿದೆ. ಅದರಿಂದಲೂ ಏನೂ ಬರಲಿಲ್ಲ. ರೋಗಿ ಆದ ಹುಡುಗಿಗೆ ಉತ್ತರ ಮೊದಲೇ ಗೊತ್ತು, ನೆಟ್ಟಗೆ ಹೇಳಿಬಿಡುತ್ತಾಳೆ. ನಿಜವಾದ ಅಜ್ಜಿ ಹಾಗೆ ಹೇಳುತ್ತಾರಾ? ಮಗನ ಮೇಲಿನ ಸಿಟ್ಟಿನಿಂದ ಶುರು ಮಾಡಿ, ಹಂದಿ ನುಗ್ಗಿ ಗದ್ದೆ ಹಾಳಾದದ್ದು ಹೇಳಿ, ಕೊನೆಗೆ "ಆ ಬಿಳಿ ಮಾತ್ರೆ ನಾನು ತಿನ್ನೋದೇ ಇಲ್ಲ" ಅಂತಾರೆ.

ಅತಿ ಹೆಚ್ಚು ದುಡ್ಡು ನುಂಗಿದ್ದು ತೋಟದ ಕ್ಯಾಂಪು. ಸಿದ್ದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ಬಿಪಿ, ಶುಗರ್ ಉಚಿತ ತಪಾಸಣೆ ಇಟ್ಟೆವು. ಸ್ಟ್ರಿಪ್ಪು, ಜೀಪು, ಕಾಫಿ-ಬನ್ನು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಜನ ತುಂಬಿ ಬಂದರು. ಮಕ್ಕಳು ದಿನವಿಡೀ ಬೆರಳು ಚುಚ್ಚಿದರು, ಔಷಧಿಯ ಬಗ್ಗೆ ಒಂದು ಪ್ರಶ್ನೆ ಕೇಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಮತ್ತೆ ಒಬ್ಬರೂ ಅಂಗಡಿಗೆ ಬರಲಿಲ್ಲ.

ಕೈಹಿಡಿದದ್ದು ಚೀಲ. "ಮನೆಯಲ್ಲಿ ಇರೋ ಮಾತ್ರೆ, ಟಾನಿಕ್, ಎಣ್ಣೆ, ಕಷಾಯ, ಹಳೇದು, ಹೊಸದು, ಯಾವುದನ್ನೂ ಬಿಡದೆ ತನ್ನಿ." ಡಾಕ್ಟರ ಚೀಟಿ ಕೇಳುವುದಿಲ್ಲ. ತಂದದ್ದನ್ನು ಮೇಜಿನ ಮೇಲೆ ಸುರಿಯುವುದು. ಹೊರದೇಶದಲ್ಲೂ ಹೀಗೆ ಮಾಡುತ್ತಾರೆ, ನಾನೇ ಕಂಡುಹಿಡಿದದ್ದು ಅಂತ ಹೇಳುವುದಿಲ್ಲ. ನಾನು ಸೇರಿಸಿದ್ದು ಎರಡು ಕಟ್ಟುಪಾಡು. ಒಂದು, ಒಬ್ಬ ವಿದ್ಯಾರ್ಥಿಗೆ ಐದಾರು ರೋಗಿ ಮಾತ್ರ, ಮೂರು ತಿಂಗಳೂ ಅವರೇ. ಎರಡು, ಮೊದಲ ಹತ್ತು ನಿಮಿಷ ಔಷಧಿಯ ಹೆಸರು ಎತ್ತುವಂತಿಲ್ಲ. "ಅಜ್ಜಿ, ಬೆಳಿಗ್ಗೆ ಎದ್ದ ಕೂಡ್ಲೇ ಏನು ಮಾಡ್ತೀರಿ?" ಅಲ್ಲಿಂದ ರಾತ್ರಿ ಮಲಗುವ ತನಕ ಅವರು ಹೇಳಬೇಕು, ಇವರು ಬರೆಯಬೇಕು.

ನಮ್ಮ ಊರಿನಲ್ಲಿ ಈ ಒಂದು ಪ್ರಶ್ನೆಗೆ ಎಷ್ಟು ಸಿಗುತ್ತದೆ ನೋಡಿ. ಎದ್ದ ಕೂಡಲೇ ಕಾಫಿ, ಅದರ ಜೊತೆಗೇ ಥೈರಾಯ್ಡ್ ಮಾತ್ರೆ. ಲೆವೊಥೈರಾಕ್ಸಿನ್ ಕಾಫಿ ಜೊತೆ ಹೋದರೆ ಮೈಗೆ ಹತ್ತುವುದು ಕಡಿಮೆ, ತಿಂಡಿಯಾದ ಮೇಲೆ ಕ್ಯಾಲ್ಸಿಯಂ, ಐರನ್ ಬೇರೆ ನುಂಗಿದರೆ ಇನ್ನೂ ಕಡಿಮೆ. ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿ ಇಳಿಯುತ್ತಿಲ್ಲ ಅಂತ ಡೋಸ್ ಏರುತ್ತಲೇ ಇತ್ತು ಒಬ್ಬರಿಗೆ. ಮಾತ್ರೆ ಮೊದಲು, ಕಾಫಿ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ರಾತ್ರಿಗೆ. ಇಷ್ಟೇ ಬದಲಾಯಿಸಿದ್ದು. ಎರಡು ತಿಂಗಳ ನಂತರದ ರಿಪೋರ್ಟ್ ನೋಡಿ ಡಾಕ್ಟರೇ ಡೋಸ್ ಇಳಿಸಿದರು. ಆ ರೋಗಿಯನ್ನು ನೋಡಿಕೊಂಡ ಹುಡುಗಿ ಈಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ, ನನಗೆ ಅದರ ಹೆಮ್ಮೆ ಇದೆ.

ಇನ್ನೊಬ್ಬರು ಸಕ್ಕರೆ ಮುಟ್ಟುವುದೇ ಇಲ್ಲ ಅನ್ನುತ್ತಿದ್ದರು, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಪೂರ್ತಿ ಡೋಸಿನಲ್ಲಿತ್ತು. ದಿನದ ಕತೆ ಬರೆದಾಗ ಬೆಲ್ಲದ ಕಾಫಿ ನಾಲ್ಕು ಲೋಟ ಸಿಕ್ಕಿತು. ಮತ್ತೊಬ್ಬ ತಾತ ಮೈಸೂರಿಗೆ ಹೋಗುವ ದಿನವೆಲ್ಲ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಬಿಡುತ್ತಿದ್ದರು. ಬಸ್ಸಿನಲ್ಲಿ ಮೂರು ಗಂಟೆ, ಎಲ್ಲಿ ಇಳಿಯುವುದು ಪಾಪ? ಮಗಳ ಮನೆ ಅಲ್ಲೇ ಇರುವುದರಿಂದ ವಾರಕ್ಕೊಮ್ಮೆ ಹೋಗುತ್ತಾರೆ. ಊರು ಮುಟ್ಟಿದ ಮೇಲೆ ತಗೊಳ್ಳಬಹುದಾ ಅಂತ ಕೇಳಿ ಬರೆದೆವು, ಡಾಕ್ಟರು ಒಪ್ಪಿದರು.

ಕಾಫಿ ಕುಯ್ಲಿನ ಕಾಲದಲ್ಲಿ ಬೇರೆಯೇ ಕತೆ. ಬಿಪಿಗೆ ಎನಲಾಪ್ರಿಲ್, ಜೊತೆಗೆ ನೀರಿನ ಮಾತ್ರೆ, ಅದರ ಮೇಲೆ ಸೊಂಟನೋವಿಗೆ ದಿನಾ ಡೈಕ್ಲೊಫೆನಾಕ್. ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೋವಿನ ಮಾತ್ರೆ ಯಾವ ಚೀಟಿಯಲ್ಲೂ ಇರುವುದಿಲ್ಲ, ಚೀಲದಲ್ಲಿ ಇರುತ್ತದೆ.

ಡಾಕ್ಟರುಗಳ ವಿಷಯ. ಶುರುವಿನಲ್ಲಿ ಮಕ್ಕಳಿಂದ ಫೋನ್ ಮಾಡಿಸಿದೆ. ಒಪಿಡಿ ನಡುವೆ ಫೋನ್ ಹೋದರೆ ಯಾರಿಗೆ ಸಿಟ್ಟು ಬರಲ್ಲ? "ನಿಮ್ಮ ಅಂಗಡಿ ಹುಡುಗಿ ನನಗೆ ಪಾಠ ಹೇಳ್ತಾಳಾ?" ಅಂತ ಒಬ್ಬರು ಬೈದು ಇಟ್ಟರು. ಮಳೆಗಾಲದಲ್ಲಂತೂ ನೆಟ್‌ವರ್ಕೇ ಇರುವುದಿಲ್ಲ. ಈಗ ಮೂರು ಸಾಲಿನ ಚೀಟಿ, ರೋಗಿಯ ಕೈಯಲ್ಲೇ ಕೊಟ್ಟು ಕಳಿಸುತ್ತೇವೆ. ಮೊದಲ ಸಾಲು ಅವರು ನಿಜವಾಗಿ ಏನು ತಗೊಳ್ಳುತ್ತಿದ್ದಾರೆ ಅಂತ. ಎರಡನೆಯದು ನಾವು ಕಂಡದ್ದು. ಮೂರನೇ ಸಾಲನ್ನು ಹೇಗೆ ಬರೆಯುತ್ತೇವೆ ಅನ್ನುವುದು ನನ್ನ ಬಳಿಯೇ ಇರಲಿ, ಅದಕ್ಕೆ ಬಹಳ ಪಾಡು ಪಟ್ಟಿದ್ದೇನೆ. ಬೈದ ಅದೇ ಡಾಕ್ಟರು ಈಗ ತಾವೇ "ಚೀಲ ತಗೊಂಡು ಅಲ್ಲಿಗೆ ಹೋಗಿ" ಅಂತ ರೋಗಿಗಳನ್ನು ಕಳಿಸುತ್ತಾರೆ.

ದುಡ್ಡಿನ ಮಾತು. ಮೈಸೂರಿನ ಸ್ಪೆಷಲಿಸ್ಟ್ ಬರೆದದ್ದು, ಇಲ್ಲಿನ ಡಾಕ್ಟರು ಬರೆದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟದ್ದು, ಮೂರು ಹೆಸರಿನಲ್ಲಿ ಒಂದೇ ಔಷಧಿ. ಇವನ್ನೆಲ್ಲ ಡಾಕ್ಟರಿಗೆ ತೋರಿಸಿ ನಿಲ್ಲಿಸಿದಾಗ ನನ್ನ ವ್ಯಾಪಾರ ತಿಂಗಳಿಗೆ ನಾಲ್ಕೈದು ಸಾವಿರ ಬಿತ್ತು. ಗ್ಯಾಸ್ ಮಾತ್ರೆಯೊಂದರಲ್ಲೇ ಬಹಳ ಹೋಯಿತು. "ಇರೋ ವ್ಯಾಪಾರ ಯಾಕೆ ಕೆಡಿಸ್ಕೊಳ್ತೀಯ ಅಣ್ಣಾ" ಅಂದರು ಪಕ್ಕದ ಅಂಗಡಿಯವರು. ಚೀಲ ನೋಡಲು 50 ರೂಪಾಯಿ ಇಟ್ಟು ನೋಡಿದೆ, ಜನ ಬರುವುದೇ ನಿಂತಿತು. ತೆಗೆದುಬಿಟ್ಟೆ. ಸುಮಾರು ಒಂದು ವರ್ಷ ಕೈಯಿಂದಲೇ ಹಾಕಿದ್ದು. ಮಕ್ಕಳ ಬಸ್ ಚಾರ್ಜು, ಮಧ್ಯಾಹ್ನದ ಊಟ, ಎರಡು ಸಾವಿರ ಚಿಲ್ಲರೆಯ ಬಿಪಿ ಮಿಷನ್ನು, ಪ್ರಿಂಟಿಂಗು. ಆಮೇಲೆ ತಿರುಗಿತು. ಚೀಲ ಸುರಿದ ಮನೆಯವರು ಇಡೀ ಮನೆಯ ತಿಂಗಳ ಔಷಧಿ ನನ್ನಲ್ಲೇ ತಗೊಳ್ಳಲು ಶುರು ಮಾಡಿದರು. ನಾಪೋಕ್ಲಿನಿಂದಲೂ ಬರುತ್ತಾರೆ. ಈಗ ಬಿದ್ದದ್ದರ ಎರಡರಷ್ಟಾದರೂ ವಾಪಸ್ ಬಂದಿರಬೇಕು.

ನಡುವೆ ಒಂದು ಪ್ರಯೋಗ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಫ್ರಿಜ್ ಇಲ್ಲ, ಇನ್ಸುಲಿನ್ ಎಲ್ಲಿಡುವುದು? ಮಕ್ಕಳು ಒದ್ದೆ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಮಾರ್ಚಿನಲ್ಲಿ ಹೊರಗೆ 31 ಇದ್ದರೆ ಒಳಗೆ 25ರ ಆಸುಪಾಸು. ಜುಲೈ ಮಳೆಯಲ್ಲಿ ಒಳಗೂ ಹೊರಗೂ ಒಂದೇ, ಆದರೆ ಆಗ ಮನೆಯೇ ತಂಪು. ತೆರೆದ ಇನ್ಸುಲಿನ್ ವಯಲ್ (ಚಿಕ್ಕ ಬಾಟಲಿ) ಸುಮಾರು ನಾಲ್ಕು ವಾರಕ್ಕೆ ಅಷ್ಟು ಸಾಕು. ಕೆಟ್ಟದ್ದು ಕಂಡಿದ್ದು ಫ್ರಿಜ್ ಇದ್ದ ಮನೆಯಲ್ಲಿ, ಫ್ರೀಜರ್ ಪಕ್ಕ ಇಟ್ಟು ಹೆಪ್ಪುಗಟ್ಟಿಸಿದ್ದರು.

ಆಗಸ್ಟ್ ಬ್ಯಾಚಿಗೆ ಇನ್ನೊಂದು ಪಾಠ ಇದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದವರಿಗೆ ಮಾರನೇ ದಿನ ಮೂತ್ರ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ. ಹೊರಜಿಲ್ಲೆಯ ಹುಡುಗ ಒಬ್ಬ ರಕ್ತ ಅಂತ ಗಾಬರಿಯಾದ. ಟಿಬಿಯ ರಿಫಾಂಪಿಸಿನ್ ತಗೊಳ್ಳುವವರಿಗೂ ಮೂತ್ರ ಕೇಸರಿ-ಕೆಂಪಾಗುತ್ತದೆ. ಹಾಗಾಗಿ ಆ ವಾರ ಮೊದಲು ಊಟ ಕೇಳಿ, ಆಮೇಲೆ ಮಾತ್ರೆ ಕೇಳಿ. ಎರಡೂ ಇಲ್ಲವೆಂದರೆ ತಡಮಾಡದೆ ಡಾಕ್ಟರ ಹತ್ತಿರ ಕಳಿಸಿ.

ಇನ್ನೂ ಸರಿಯಾಗದೆ ಉಳಿದಿರುವುದು ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರದು. ಭಾಷೆ ಬರುವುದಿಲ್ಲ, ಮೂರು ತಿಂಗಳಲ್ಲಿ ತೋಟವೇ ಬದಲಾಗಿರುತ್ತದೆ. ಸೂರ್ಯ, ಚಂದ್ರ, ತಟ್ಟೆ ಚಿತ್ರದ ಸ್ಟಿಕರ್ ಹಚ್ಚಿ ಕೊಡುತ್ತಿದ್ದೇವೆ, ಸ್ವಲ್ಪ ನಡೆಯುತ್ತಿದೆ.

ಮೂರು ತಿಂಗಳು ಮುಗಿದಾಗ ಸಹಿ ಹಾಕುವ ಮೊದಲು ನಾನೇ ಒಂದು ಚೀಲ ಕಟ್ಟಿ ಕೊಡುತ್ತೇನೆ. ಅದರಲ್ಲಿರುವ ತೊಡಕೆಲ್ಲ ಇಪ್ಪತ್ತು ನಿಮಿಷದಲ್ಲಿ ಹುಡುಕಬೇಕು. ಹೋದ ಬ್ಯಾಚಿನಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಹುಡುಕಿದರು. ಚೀಲದಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.